ಕಬ್ಬಿನ ರೊಕ್ಕ ಎಲ್ಲಿಗೆ ಹೋಯಿತು: ಮಾರಿಷಸ್ ಪ್ರಕರಣ

1961ರಲ್ಲಿ ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಜೇಮ್ಸ್ ಮೀಡ್ ಮಾರಿಷಸ್ ಬಗ್ಗೆ ಒಂದು ವರದಿ ಕೊಟ್ಟರು. ಆಗ ಅದು ಇನ್ನೂ ಬ್ರಿಟಿಷರ ವಸಾಹತು. ಮೀಡ್ ಸಣ್ಣ ಹೆಸರೇನಲ್ಲ, 1977ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ವರದಿ ಓದಿದರೆ ಈ ಊರು ಉದ್ಧಾರ ಆಗೋದಿಲ್ಲ ಅಂತಲೇ ಅನಿಸುತ್ತದೆ. ಇರೋದು ಒಂದೇ ಬೆಳೆ, ಕಬ್ಬು. ಮಹಾಯುದ್ಧದ ನಂತರ ಮಲೇರಿಯಾ ಹೋಗಿ ಸಾವು ಕಡಿಮೆಯಾಗಿದೆ, ಜನಸಂಖ್ಯೆ ವರ್ಷಕ್ಕೆ ಹೆಚ್ಚುಕಡಿಮೆ ಶೇ 3ರಂತೆ ಏರುತ್ತಿದೆ. ಹೊಸದಾಗಿ ಬೆಳೆದು ನಿಂತ ಹುಡುಗರಿಗೆಲ್ಲ ಕಬ್ಬಿನ ಹೊಲದಲ್ಲಿ ಕೆಲಸ ಎಲ್ಲಿಂದ ಬರಬೇಕು? ಜೊತೆಗೆ ಭಾರತದಿಂದ ಹೋದ ಹಿಂದೂಗಳು, ಮುಸ್ಲಿಮರು, ಆಫ್ರಿಕಾ ಮೂಲದ ಕ್ರಿಯೋಲರು, ಚೀನೀ ಅಂಗಡಿಕಾರರು, ಫ್ರೆಂಚ್ ಮೂಲದ ಜಮೀನ್ದಾರರು. ಹೊಟ್ಟೆಗೆ ಕಡಿಮೆಯಾದಾಗ ಇವರು ಜಗಳ ಆಡದೆ ಇರುತ್ತಾರಾ?

ಆ ಭಯ ನಿಜವಾಗಲಿಲ್ಲ. 1970ರ ದಶಕದಿಂದ ಶತಮಾನದ ಕೊನೆಯವರೆಗೆ ಅಲ್ಲಿನ ಆರ್ಥಿಕತೆ ಸರಾಸರಿ ವರ್ಷಕ್ಕೆ ಶೇ 5ಕ್ಕಿಂತ ಹೆಚ್ಚು ಬೆಳೆಯಿತು. 2020ರ ಜುಲೈನಲ್ಲಿ ವಿಶ್ವಬ್ಯಾಂಕ್ ಆ ದೇಶವನ್ನು ಶ್ರೀಮಂತ ದೇಶಗಳ ಪಟ್ಟಿಗೆ ಸೇರಿಸಿತು. ಕೋವಿಡ್ ಹೊಡೆತಕ್ಕೆ ಮರುವರ್ಷವೇ ಆ ಪಟ್ಟಿಯಿಂದ ಕೆಳಗಿಳಿಯಿತು, ಅದು ಬೇರೆ ಮಾತು.

ಈ ಕಥೆಯನ್ನು ಪಠ್ಯಪುಸ್ತಕಗಳು ಹೇಳೋದು ಹೀಗೆ: ಕಬ್ಬು ಬಿಟ್ಟರು, ಬಟ್ಟೆ ಹೊಲಿದರು, ಪ್ರವಾಸಿಗರನ್ನು ಕರೆದರು, ಮೇಲೆ ಬಂದರು. ನಾನು ಜಮಖಂಡಿಯಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವನು. ಕ್ಲಾಸಿನಲ್ಲಿ ಅರ್ಧಕ್ಕರ್ಧ ಹುಡುಗರು ಕಬ್ಬಿನ ಮನೆಯವರು. ಅವರ ಮುಂದೆ ನಿಂತು ಈ ಕಥೆ ಹೇಳುವಾಗಲೆಲ್ಲ ಮುಖ್ಯವಾದದ್ದೇ ಬಿಟ್ಟುಹೋಗಿದೆ ಅನಿಸುತ್ತದೆ. ಮಾರಿಷಸ್‌ನವರು ಕಬ್ಬು ಬಿಟ್ಟು ಮೇಲೆ ಬರಲಿಲ್ಲ. ಕಬ್ಬಿಗೆ ಖಾತ್ರಿ ರೇಟು ಸಿಕ್ಕ ಮೂರು ದಶಕಗಳಲ್ಲಿ ಆ ರೊಕ್ಕವನ್ನು ಎಲ್ಲಿ ಹಾಕಿದರು ಅನ್ನೋದನ್ನು ನೋಡಬೇಕು.

ದ್ವೀಪ ಮತ್ತು ಬೆಳೆ

ಮಾರಿಷಸ್ ಹಿಂದೂ ಮಹಾಸಾಗರದಲ್ಲಿ, ಮಡಗಾಸ್ಕರ್‌ನ ಪೂರ್ವಕ್ಕಿದೆ. ವಿಸ್ತೀರ್ಣ ಸುಮಾರು 2,040 ಚದರ ಕಿ.ಮೀ. ಅಂದರೆ ನಮ್ಮ ಬಾಗಲಕೋಟೆ ಜಿಲ್ಲೆಯ ಮೂರನೇ ಒಂದು ಭಾಗಕ್ಕಿಂತಲೂ ಚಿಕ್ಕದು. ಈಗಿನ ಜನಸಂಖ್ಯೆ ಹನ್ನೆರಡೂವರೆ ಲಕ್ಷದ ಆಸುಪಾಸು. ಮೊದಲು ಅಲ್ಲಿ ಜನವಸತಿಯೇ ಇರಲಿಲ್ಲ. 1638ರಲ್ಲಿ ಡಚ್ಚರು ಬಂದು ಕಬ್ಬು ತಂದು ಹಚ್ಚಿದರು, 1710ರಲ್ಲಿ ಬಿಟ್ಟು ಹೋದರು. ಆಮೇಲೆ ಫ್ರೆಂಚರು. 1810ರಲ್ಲಿ ಬ್ರಿಟಿಷರು ಗೆದ್ದುಕೊಂಡರೂ ಜಮೀನು ಮಾತ್ರ ಫ್ರೆಂಚ್ ಮನೆತನಗಳ ಕೈಯಲ್ಲೇ ಉಳಿಯಿತು. 1835ರಲ್ಲಿ ಗುಲಾಮಗಿರಿ ನಿಂತಾಗ ಕಬ್ಬು ಕಡಿಯಲು ಭಾರತದಿಂದ ಕರಾರಿನ ಕೂಲಿಗಳನ್ನು ಹಡಗು ತುಂಬಿ ಒಯ್ದರು. ಸುಮಾರು ನಾಲ್ಕೂವರೆ ಲಕ್ಷ ಜನ. ಅವರು ಇಳಿದ ಕಟ್ಟೆ ಪೋರ್ಟ್ ಲೂಯಿಯಲ್ಲಿದೆ, ಆಪ್ರವಾಸಿ ಘಾಟ್. 2006ರಿಂದ ಅದು ಯುನೆಸ್ಕೋ ಪಟ್ಟಿಯಲ್ಲಿದೆ. ಇಂದಿನ ಮಾರಿಷಸ್‌ನ ಮೂರರಲ್ಲಿ ಎರಡು ಪಾಲು ಜನ ಆ ಕೂಲಿಗಳ ಸಂತತಿ.

ಕಬ್ಬೇ ಯಾಕೆ? ಚಂಡಮಾರುತದ ಊರದು. ಗಾಳಿಗೆ ಬೇರೆ ಬೆಳೆಗಳು ಬುಡಸಮೇತ ಹೋಗುತ್ತವೆ. ಕಬ್ಬು ಮಲಗಿದರೂ ಬೇರು ಕಿತ್ತು ಬರೋದಿಲ್ಲ, ಮತ್ತೆ ಕುಳೆ ಚಿಗುರುತ್ತದೆ. ಹಾಗಂತ ಕಬ್ಬಿಗೂ ಹೊಡೆತ ತಪ್ಪಿದ್ದಲ್ಲ. 1960ರ ಶುರುವಿನಲ್ಲಿ ಒಂದರ ಹಿಂದೆ ಒಂದು ಬಂದ ಎರಡು ಚಂಡಮಾರುತಗಳಿಗೆ ಆ ವರ್ಷದ ಸಕ್ಕರೆ ಅರ್ಧಕ್ಕಿಂತ ಜಾಸ್ತಿ ಹೋಯಿತು. ಆದರೆ ಇಂಥ ದಿನಕ್ಕೆ ಅಂತಲೇ 1946ರಿಂದ ಒಂದು ಕಬ್ಬಿನ ವಿಮಾ ನಿಧಿ ಇತ್ತು. ಇದನ್ನು ನೆನಪಿಡಿ. ಸ್ವಾತಂತ್ರ್ಯಕ್ಕೆ ಎಷ್ಟೋ ಮೊದಲೇ ಆ ದ್ವೀಪದಲ್ಲಿ ಕಬ್ಬಿನ ಸುತ್ತ ಗಟ್ಟಿ ಸಂಸ್ಥೆಗಳಿದ್ದವು. ಎಲ್ಲರ ಸಕ್ಕರೆಯನ್ನೂ ಒಟ್ಟಿಗೆ ಮಾರುವ ಸಿಂಡಿಕೇಟ್ 1919ರದ್ದು. ಕಬ್ಬಿನ ಸಂಶೋಧನಾ ಸಂಸ್ಥೆ 1953ರದ್ದು. 1968ರ ಮಾರ್ಚ್ 12ರಂದು ಸೀವೂಸಾಗರ್ ರಾಮಗುಲಾಮ್ ಮೊದಲ ಪ್ರಧಾನಿಯಾದಾಗ ರಫ್ತಿನ ಶೇ 90ಕ್ಕಿಂತ ಹೆಚ್ಚು ಸಕ್ಕರೆಯದೇ.

ಊಬಾ ಕಬ್ಬಿನ ಗಲಾಟೆ

ಪಾಠದ ಈ ಘಟ್ಟಕ್ಕೆ ಬಂದಾಗ ಹಿಂದಿನ ಬೆಂಚಿನ ಒಬ್ಬ ಹುಡುಗ ಕೇಳಿದ: "ಸರ, ಅಲ್ಲಿ ಕಾಟಾದಾಗ ಹೊಡೀತಿರಲಿಲ್ಲೇನ್ರಿ?" ಕಾಟಾದಲ್ಲಿ ಹೊಡೆಯೋದು ಅಂದರೆ ಗಿರಣಿ ತೂಕದಲ್ಲಿ ಮೋಸ ಮಾಡೋದು. ಇಡೀ ಕ್ಲಾಸು ನಕ್ಕಿತು. ಪ್ರಶ್ನೆ ಮಾತ್ರ ನೂರಕ್ಕೆ ನೂರು ಸರಿ. ತೂಕ, ರಿಕವರಿ (ಕಬ್ಬಿನಿಂದ ಇಳಿಯುವ ಸಕ್ಕರೆಯ ಪ್ರಮಾಣ), ಕಟಾವು-ಸಾಗಣೆ ಖರ್ಚಿನ ಮುರಿತ, ಈ ಮೂರರ ಮೇಲೆ ನಂಬಿಕೆ ಇಲ್ಲದ ಕಬ್ಬಿನ ಸೀಮೆಯಲ್ಲಿ ಯಾವ ಅಭಿವೃದ್ಧಿ ಮಾತೂ ನಿಲ್ಲೋದಿಲ್ಲ.

ಉತ್ತರ ಹೇಳೋದಾದರೆ, ಅಲ್ಲೂ ಹೊಡೆದಾಟ ಆಗಿದೆ. ಊಬಾ ಅಂತ ಒಂದು ಕಬ್ಬಿನ ತಳಿ ಇತ್ತು. ಗಟ್ಟಿ ಕಬ್ಬು, ಸಕ್ಕರೆ ಅಂಶ ಕಡಿಮೆ, ಆದರೆ ಬರಡು ನೆಲದಲ್ಲೂ ತೂಕ ಕೊಡುತ್ತಿತ್ತು. ಅದಕ್ಕೇ ಎಕರೆ, ಎರಡು ಎಕರೆಯ ಭಾರತೀಯ ಮೂಲದ ರೈತರು ಅದನ್ನೇ ಹಚ್ಚುತ್ತಿದ್ದರು. 1937ರ ಹಂಗಾಮಿನಲ್ಲಿ ಗಿರಣಿಗಳು ಊಬಾಕ್ಕೆ ಶೇ 15 ರೇಟು ಕಡಿದವು. ರೈತರು, ಕೂಲಿಗಳು ಮೆರವಣಿಗೆ ಹೊರಟರು. ಯೂನಿಯನ್ ಫ್ಲಾಕ್ ಎಸ್ಟೇಟಿನಲ್ಲಿ ಗುಂಡು ಹಾರಿತು, ನಾಲ್ಕು ಜನ ಸತ್ತರು. ಬ್ರಿಟಿಷ್ ಸರ್ಕಾರ ವಿಚಾರಣಾ ಆಯೋಗ ಕೂಡಿಸಿತು. ಮರುವರ್ಷ ಕಾರ್ಮಿಕ ಸಂಘ ಕಟ್ಟಲು ಕಾನೂನು ಬಂತು. ಕಬ್ಬಿನ ತೂಕ, ಸಕ್ಕರೆ ಅಂಶದ ಪರೀಕ್ಷೆ, ರೈತ-ಗಿರಣಿ ತಕರಾರು ಇವನ್ನೆಲ್ಲ ನೋಡಲು ಗಿರಣಿಯ ಕೈಗೆ ಸಿಗದ ಒಂದು ಮಂಡಳಿ ಆಯಿತು.

ಮುಂದೆ ಹಂಚಿಕೆಯ ಲೆಕ್ಕ ಹೀಗೆ ನಿಂತಿತು: ರೈತನ ಕಬ್ಬಿನಿಂದ ಬಂದ ಸಕ್ಕರೆಯಲ್ಲಿ ಶೇ 78 ರೈತನದ್ದು, ಶೇ 22 ಗಿರಣಿಯದ್ದು. ಗಿರಣಿ ಕಬ್ಬು ಕೊಳ್ಳೋದಿಲ್ಲ, ನುರಿಸಿಕೊಟ್ಟು ಪಾಲು ತಗೊಳ್ಳುತ್ತದೆ. ಸಕ್ಕರೆಯನ್ನು ಸಿಂಡಿಕೇಟ್ ಮಾರಿ, ಬಂದ ಸರಾಸರಿ ಬೆಲೆಯನ್ನು ಎಲ್ಲರಿಗೂ ಹಂಚುತ್ತದೆ. ಇದರಲ್ಲಿ ಒಂದು ತೊಡಕೂ ಇದೆ. ಬೆಲೆ ಬಿದ್ದರೆ ರೈತನ ಪಾಲೂ ಬೀಳುತ್ತದೆ, ಕೆಳಗೆ ಹಿಡಿಯಲು ನಮ್ಮ ಎಫ್‌ಆರ್‌ಪಿಯಂಥ ಕನಿಷ್ಠ ದರ (ಗಿರಣಿ ಇಷ್ಟಾದರೂ ಕೊಡಲೇಬೇಕು ಅಂತ ಕೇಂದ್ರ ಕಟ್ಟುವ ರೇಟು) ಬಹುಕಾಲ ಇರಲಿಲ್ಲ. ನಮ್ಮಲ್ಲಿ 2025-26ಕ್ಕೆ ಶೇ 10.25 ರಿಕವರಿಗೆ ಟನ್ನಿಗೆ 3,550 ರೂಪಾಯಿ ಅಂತ ಕೇಂದ್ರ ಹೇಳಿದೆ. ಅದರಲ್ಲಿ ಕಟಾವು, ಸಾಗಣೆ ಕಳೆದು ಕೈಗೆ ಎಷ್ಟು ಅನ್ನೋ ಜಗಳವೇ 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ರಸ್ತೆಗೆ ಬಂದದ್ದು. ಎರಡರಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದರೆ, ಎಲ್ಲರಿಗೂ ಕಾಣುವ ಲೆಕ್ಕ ಒಳ್ಳೆಯದು ಅಂತೀನಿ. ಶೇ 78 ಅನ್ನೋದು ಓದು ಬಾರದ ಮುದುಕನಿಗೂ ಅರ್ಥವಾಗುವ ಲೆಕ್ಕ.

ಖಾತ್ರಿ ರೇಟಿನ ಕಾಲ

1974ರಲ್ಲಿ ಜಗತ್ತಿನ ಮಾರುಕಟ್ಟೆಯಲ್ಲಿ ಸಕ್ಕರೆ ಬೆಲೆ ಆಕಾಶಕ್ಕೆ ಹೋಗಿತ್ತು. ಅದೇ ಹೊತ್ತಿಗೆ ಯುರೋಪ್ ತನ್ನ ಹಳೆಯ ವಸಾಹತುಗಳ ಜೊತೆ ಸಕ್ಕರೆ ಒಪ್ಪಂದಕ್ಕೆ ಕೂತಿತು. ಎಷ್ಟೋ ದೇಶಗಳು ಹೆಚ್ಚು ಬೆಲೆಗೆ ಪಟ್ಟು ಹಿಡಿದವು. ಮಾರಿಷಸ್ ಹೆಚ್ಚು ಟನ್ನಿಗೆ ಪಟ್ಟು ಹಿಡಿಯಿತು. 1975ರ ಲೋಮೆ ಒಪ್ಪಂದದ ಸಕ್ಕರೆ ಕರಾರಿನಲ್ಲಿ ಅದಕ್ಕೆ ವರ್ಷಕ್ಕೆ ಸುಮಾರು 5.07 ಲಕ್ಷ ಟನ್ ಕೋಟಾ ಸಿಕ್ಕಿತು. ಎಲ್ಲ ದೇಶಗಳ ಒಟ್ಟು ಕೋಟಾದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಬೆಲೆ ಯುರೋಪಿನ ಒಳಗಿನ ಬೆಲೆಗೆ ಕಟ್ಟಿದ್ದು. ಮುಂದೆ ಜಗತ್ತಿನ ಬೆಲೆ ನೆಲಕ್ಕೆ ಬಿತ್ತು, ಯುರೋಪಿನ ಬೆಲೆ ಮಾತ್ರ ಹಾಗೇ ನಿಂತಿತು. ಕೆಲವು ವರ್ಷ ಅದು ಮಾರುಕಟ್ಟೆ ಬೆಲೆಯ ಎರಡು, ಮೂರು ಪಟ್ಟು. ಇದು ಅವರ ಜಾಣತನವೂ ಹೌದು, ಅದೃಷ್ಟವೂ ಹೌದು.

ಅದೃಷ್ಟ ಇನ್ನೂ ಹಲವು ದೇಶಗಳಿಗೆ ಬಂದಿತ್ತು. ಫಿಜಿಗೂ ಗಯಾನಾಗೂ ಕೋಟಾ ಇತ್ತು, ಅಲ್ಲಿಗೂ ನಮ್ಮವರೇ ಕೂಲಿಗೆ ಹೋದವರು. ಮಾರಿಷಸ್ ಮಾಡಿದ ಬೇರೆ ಕೆಲಸ ಏನು?

ಒಂದು, ಸಕ್ಕರೆ ರಫ್ತಿನ ಮೇಲೆ ತೆರಿಗೆ ಹಾಕಿ ಒಂದು ಪಾಲನ್ನು ಸರ್ಕಾರ ತಗೊಂಡಿತು. ದೊಡ್ಡ ಎಸ್ಟೇಟುಗಳಿಗೆ ತೆರಿಗೆ ಹೆಚ್ಚು. ಈ ಹಣ ಖಜಾನೆಗೆ ಬಲ ಕೊಟ್ಟಿತು. ಆಸ್ಪತ್ರೆ ಪುಕ್ಕಟೆ, ಅಕ್ಕಿ-ಹಿಟ್ಟಿಗೆ ಸಬ್ಸಿಡಿ, ಎಲ್ಲ ಮುದುಕರಿಗೂ ಪಿಂಚಣಿ (ಅದು 1958ರಿಂದಲೇ ಇತ್ತು). 1976ರಲ್ಲಿ ಘೋಷಿಸಿ ಮರುವರ್ಷದಿಂದ ಹೈಸ್ಕೂಲ್ ಶಿಕ್ಷಣವನ್ನೂ ಪುಕ್ಕಟೆ ಮಾಡಿದರು. ಎಸ್ಟೇಟುಗಳನ್ನು ಕಿತ್ತುಕೊಳ್ಳಲಿಲ್ಲ. ಮುಖ್ಯ ಎಡಪಕ್ಷದ ಮೈತ್ರಿಕೂಟ 1982ರ ಚುನಾವಣೆಯಲ್ಲಿ 60-0 ಅಂತ ಗುಡಿಸಿಹಾಕಿದಾಗಲೂ ಈ ದಾರಿ ಬದಲಾಗಲಿಲ್ಲ.

ಇನ್ನೊಂದು ವಿಷಯವನ್ನು ಯಾರೂ ಅಷ್ಟು ಹೇಳೋದಿಲ್ಲ. ಆಗ ಅಲ್ಲಿ ವಿದೇಶಿ ವಿನಿಮಯದ ಮೇಲೆ ಹತೋಟಿ ಇತ್ತು. ಎಸ್ಟೇಟ್ ಮಾಲೀಕ ಸಕ್ಕರೆ ಲಾಭವನ್ನು ಸುಮ್ನೆ ಪ್ಯಾರಿಸ್ಸಿಗೋ ಲಂಡನ್ನಿಗೋ ಸಾಗಿಸುವ ಹಾಗಿರಲಿಲ್ಲ. ದ್ವೀಪದೊಳಗೇ ಎಲ್ಲಾದರೂ ಹಾಕಬೇಕು. ಕಬ್ಬಿನ ಭೂಮಿ ಆಗಲೇ ತುಂಬಿಹೋಗಿತ್ತು. ಹಾಗಾಗಿ ಆ ರೊಕ್ಕ ಎರಡು ಕಡೆ ಹರಿಯಿತು. ಕಡಲ ದಂಡೆಯಲ್ಲಿ ತಮ್ಮದೇ ಜಮೀನಿದ್ದ ಮನೆತನಗಳು ಹೋಟೆಲ್ ಕಟ್ಟಿದವು. ಉಳಿದವರು ಬಟ್ಟೆ ಕಾರ್ಖಾನೆಗೆ ಕೈ ಹಾಕಿದರು.

ಸ್ವೆಟರ್ ಹೆಣೆದ ಹೆಣ್ಣುಮಕ್ಕಳು

ರಫ್ತು ವಲಯದ ಕಾಯ್ದೆ 1970ರದ್ದು. ಅದರ ಹಿಂದೆ ನಿಂತವರು ಚೀನೀ ಮೂಲದ ಪ್ರಾಧ್ಯಾಪಕ ಎಡ್ವರ್ಡ್ ಲಿಮ್ ಫಾಟ್, ಕಣ್ಣೆದುರು ಇದ್ದ ಮಾದರಿ ತೈವಾನ್. ಆದರೆ ಮಾರಿಷಸ್ ಒಂದು ಜಾಗಕ್ಕೆ ಬೇಲಿ ಹಾಕಿ ಇದೇ ರಫ್ತು ವಲಯ ಅನ್ನಲಿಲ್ಲ. ದ್ವೀಪದ ಯಾವ ಮೂಲೆಯಲ್ಲಿ ಕಾರ್ಖಾನೆ ಹಾಕಿದರೂ, ರಫ್ತು ಮಾಡಿದರೆ ಸಾಕು, ಸೌಲಭ್ಯ ಸಿಗುತ್ತಿತ್ತು. ಕಚ್ಚಾ ಮಾಲಿಗೆ ಸುಂಕ ಇಲ್ಲ, ಲಾಭಕ್ಕೆ ಕೆಲವು ವರ್ಷ ತೆರಿಗೆ ಇಲ್ಲ.

ಇದರ ಪರಿಣಾಮ ಊರೊಳಗೆ ಕಂಡಿತು. ಕಾರ್ಖಾನೆಗಳು ಹಳ್ಳಿಗಳ ಪಕ್ಕಕ್ಕೇ ಬಂದವು. ಅಪ್ಪ ಎಸ್ಟೇಟಿನಲ್ಲಿ ಕಬ್ಬು ಕಡಿಯುತ್ತಾನೆ, ಅವ್ವ ಹುಲ್ಲು ಕೀಳುತ್ತಾಳೆ, ಹೈಸ್ಕೂಲ್ ಮೆಟ್ಟಿಲು ಹತ್ತಿ ಬಂದ ಮಗಳು ಬೆಳಿಗ್ಗೆ ಕಂಪನಿ ವ್ಯಾನ್ ಹತ್ತಿ ಸ್ವೆಟರ್ ಫ್ಯಾಕ್ಟರಿಗೆ ಹೋಗುತ್ತಾಳೆ. ಉಣ್ಣೆ ಆಸ್ಟ್ರೇಲಿಯಾದ್ದು, ಕೊಳ್ಳುವವರು ಯುರೋಪಿನವರು, ಹೆಣೆಯುವವಳು ಬಿಸಿಲೂರಿನವಳು. ಹೆಂಗಸರ ಕೂಲಿ ಗಂಡಸರಿಗಿಂತ ಕಡಿಮೆ, ಕಡ್ಡಾಯ ಓವರ್‌ಟೈಮ್ ಬೇರೆ. ಅದರಲ್ಲಿ ಶೋಷಣೆ ಇತ್ತು, ಅದನ್ನು ಮುಚ್ಚಿಡೋದು ಬೇಡ. ಆದರೆ ಮನೆಗೆ ಎರಡನೇ ಸಂಬಳ ಬಂತು, ಮದುವೆ ವಯಸ್ಸು ಮುಂದೆ ಹೋಯಿತು, ಮಕ್ಕಳ ಸಂಖ್ಯೆ ಕಡಿಮೆಯಾಯಿತು. ಮೀಡ್ ಹೆದರಿದ್ದ ಜನಸಂಖ್ಯೆಯ ಲೆಕ್ಕ ತಿರುಗಿದ್ದರಲ್ಲಿ ಕುಟುಂಬ ಯೋಜನೆಯ ಕ್ಲಿನಿಕ್ಕುಗಳ ಪಾಲಿದೆ, ಈ ವ್ಯಾನುಗಳ ಪಾಲೂ ಇದೆ.

ನಡುವೆ ಕೆಟ್ಟ ಕಾಲ ಬಂದುಹೋಯಿತು. ಸಕ್ಕರೆ ಬೆಲೆ ಇಳಿಯಿತು, ತೈಲ ಬೆಲೆ ಏರಿತು, 1979ರಲ್ಲಿ ಮತ್ತು 1981ರಲ್ಲಿ ಅಲ್ಲಿನ ರೂಪಾಯಿಯ ಬೆಲೆ ಇಳಿಸಬೇಕಾಯಿತು, ಐಎಂಎಫ್ ಬಾಗಿಲು ತಟ್ಟಬೇಕಾಯಿತು. ನಿಜವಾದ ಓಟ ಶುರುವಾದದ್ದು 1983ರ ನಂತರ. ಹಾಂಗ್‌ಕಾಂಗ್‌ನ ಜವಳಿ ಕಂಪನಿಗಳಿಗೆ ಆಗ ಎರಡು ತಲೆನೋವು: ಅಮೆರಿಕ, ಯುರೋಪಿಗೆ ಕಳಿಸುವ ಕೋಟಾ ಮುಗಿದಿತ್ತು, 1997ರಲ್ಲಿ ಹಾಂಗ್‌ಕಾಂಗ್ ಚೀನಾಕ್ಕೆ ಹೋಗುವುದಿತ್ತು. ಕೋಟಾ ಖಾಲಿ ಇದ್ದ ಮಾರಿಷಸ್ ಅವರಿಗೆ ಬೇಕಾಯಿತು, ಅಲ್ಲಿನ ಚೀನೀ ಮೂಲದವರು ಸೇತುವೆಯಾದರು. ರಫ್ತು ಕಾರ್ಖಾನೆಗಳಲ್ಲಿ 1980ರ ದಶಕದ ಆರಂಭದಲ್ಲಿ 25 ಸಾವಿರದ ಆಸುಪಾಸಿದ್ದ ಕೆಲಸಗಾರರು ದಶಕ ಮುಗಿಯುವಾಗ 90 ಸಾವಿರದ ಹತ್ತಿರ ಬಂದರು. ನಿರುದ್ಯೋಗ ಹೆಚ್ಚುಕಡಿಮೆ ಮಾಯವಾಯಿತು. ಆದರೆ ಆ ಕಾರ್ಖಾನೆಗಳ ಬಂಡವಾಳದಲ್ಲಿ ಸುಮಾರು ಅರ್ಧ ಸ್ಥಳೀಯರದ್ದು, ಅದರಲ್ಲಿ ದೊಡ್ಡ ಪಾಲು ಸಕ್ಕರೆ ಮನೆತನಗಳದ್ದು. ಹಾಂಗ್‌ಕಾಂಗ್‌ನ ಹೆಸರು ಮಾತ್ರ ಕೇಳಿ ಬರೆಯುವವರು ಇದನ್ನು ಮರೆಯುತ್ತಾರೆ.

ಖಾತ್ರಿ ಮುಗಿದಾಗ

2005ರ ಜನವರಿ 1ಕ್ಕೆ ಜಾಗತಿಕ ಜವಳಿ ಕೋಟಾ ಪದ್ಧತಿ ನಿಂತಿತು. ಹಾಂಗ್‌ಕಾಂಗ್‌ನವರು ಬಂದ ದಾರಿಯಲ್ಲೇ ಹೊರಟರು. 2006ರಿಂದ ಯುರೋಪ್ ಸಕ್ಕರೆ ಬೆಲೆಯನ್ನು ನಾಲ್ಕು ವರ್ಷದಲ್ಲಿ ಶೇ 36ರಷ್ಟು ಇಳಿಸಿತು, 2009ಕ್ಕೆ ಕರಾರೂ ಮುಗಿಯಿತು. ಎರಡು ಹೊಡೆತ ಹೆಚ್ಚುಕಡಿಮೆ ಒಟ್ಟಿಗೆ. ಸಾವಿರಾರು ಹೆಣ್ಣುಮಕ್ಕಳ ಕೆಲಸ ಹೋಯಿತು. ನಲವತ್ತು ದಾಟಿದ ಹೊಲಿಗೆಯವಳಿಗೆ ಐಟಿ ಕಂಪನಿಗಳ ಸೈಬರ್ ಸಿಟಿಯಲ್ಲಿ ಯಾರು ಕೆಲಸ ಕೊಡುತ್ತಾರೆ?

ಕಬ್ಬಿನ ಕಡೆ ಮಾತ್ರ ಅವರು ಮೊದಲೇ ತಯಾರಿ ಶುರು ಮಾಡಿದ್ದರು. 2001ರಲ್ಲೇ ಸ್ವಯಂ ನಿವೃತ್ತಿ ಯೋಜನೆ ಬಂತು, ಬಿಡುವ ಕಾರ್ಮಿಕನಿಗೆ ನಗದಿನ ಜೊತೆ ಮನೆ ಕಟ್ಟಲು ಒಂದು ಸೈಟು. ಗಿರಣಿಗಳನ್ನು ಒಂದರೊಳಗೊಂದು ಸೇರಿಸುತ್ತ ಹೋದರು. ಸ್ವಾತಂತ್ರ್ಯದ ಹೊತ್ತಿಗೆ ಇಪ್ಪತ್ತಕ್ಕೂ ಹೆಚ್ಚಿದ್ದವು, ಈಗ ಉಳಿದಿರೋದು ಮೂರು. ಕಚ್ಚಾ ಸಕ್ಕರೆ ಕಳಿಸುವ ಬದಲು ಬಿಳಿ ಸಕ್ಕರೆ, ಹೆಚ್ಚು ಬೆಲೆಯ ಕಂದು ಸಕ್ಕರೆ ಮಾಡಿ ಕಳಿಸತೊಡಗಿದರು. ಬಗಾಸಿನಿಂದ (ರಸ ಹಿಂಡಿದ ಮೇಲೆ ಉಳಿಯುವ ಕಬ್ಬಿನ ಸಿಪ್ಪೆ) ಕರೆಂಟು ಮಾಡಿ ಮಾರುವ ಕೆಲಸವಂತೂ 1957ರಿಂದಲೇ ಇತ್ತು. ಆಮೇಲೆ ಹಂಗಾಮಿನಲ್ಲಿ ಬಗಾಸು, ಉಳಿದ ತಿಂಗಳು ಕಲ್ಲಿದ್ದಲು ಸುಡುವ ದೊಡ್ಡ ಘಟಕಗಳು ಬಂದವು. ಅದನ್ನು ಪರಿಸರಸ್ನೇಹಿ ಅಂತ ಹೊಗಳುವವರು ಕಲ್ಲಿದ್ದಲಿನ ಭಾಗ ಬಿಟ್ಟು ಹೊಗಳುತ್ತಾರೆ.

ನನಗೆ ಇಡೀ ಪ್ರಕರಣದಲ್ಲಿ ಅತಿ ಹಿಡಿಸಿದ್ದು 1994ರ ಒಂದು ನಿರ್ಧಾರ. ಆ ವರ್ಷ ಸಕ್ಕರೆ ರಫ್ತು ತೆರಿಗೆ ತೆಗೆದುಹಾಕಿದರು. ಅದರ ಪೂರ್ತಿ ಲಾಭ ಎಸ್ಟೇಟುಗಳಿಗೆ ಹೋಗಬಾರದಲ್ವಾ? ಅದಕ್ಕೆ ಸಕ್ಕರೆ ಹೂಡಿಕೆ ಟ್ರಸ್ಟ್ ಅಂತ ಒಂದನ್ನು ಕಟ್ಟಿದರು. ಸಣ್ಣ ರೈತರು ಮತ್ತು ಗಿರಣಿ ಕಾರ್ಮಿಕರು ಅದರ ಷೇರುದಾರರು. ಆ ಟ್ರಸ್ಟಿಗೆ ಗಿರಣಿ ಕಂಪನಿಗಳಲ್ಲಿ ಶೇ 20 ಪಾಲು. ಪಾಲು ಸಣ್ಣದೇ. ಆದರೆ ಬಗಾಸು ಕರೆಂಟಾಗಿ ಹಣ ತರುವಾಗ ಕಬ್ಬು ಬೆಳೆದವನೂ ಕೂಲಿಯವನೂ ಆ ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಇದ್ದರು.

ಕೊಂಡಾಡಲಾಗದ ಭಾಗ

ದೊಡ್ಡ ಜಮೀನು ಇಂದಿಗೂ ಬೆರಳೆಣಿಕೆಯ ಮನೆತನಗಳ ಕೈಯಲ್ಲೇ. ಅವರು ಕಬ್ಬಿನ ಹೊಲದಲ್ಲಿ ಈಗ ವಿದೇಶಿ ಶ್ರೀಮಂತರಿಗೆ ವಿಲ್ಲಾ ಕಟ್ಟಿ ಮಾರುತ್ತಾರೆ. ಕ್ರಿಯೋಲರಲ್ಲಿ ಬಹಳಷ್ಟು ಜನ ಹಿಂದೆಯೇ ಉಳಿದರು. 1999ರ ಫೆಬ್ರುವರಿಯಲ್ಲಿ ಒಬ್ಬ ಕ್ರಿಯೋಲ್ ಗಾಯಕ ಪೊಲೀಸ್ ವಶದಲ್ಲಿ ಸತ್ತಾಗ ದ್ವೀಪ ಹೊತ್ತಿ ಉರಿಯಿತು. ಮೀಡ್ ಪೂರ್ತಿ ತಪ್ಪಾಗಿರಲಿಲ್ಲ.

ಇನ್ನು ಹಣಕಾಸು ಕ್ಷೇತ್ರ. 1982ರ ಭಾರತ-ಮಾರಿಷಸ್ ತೆರಿಗೆ ಒಪ್ಪಂದದಿಂದ ಎಷ್ಟೋ ಕಂಪನಿಗಳು ಪೋರ್ಟ್ ಲೂಯಿಯಲ್ಲಿ ಒಂದು ವಿಳಾಸ ಇಟ್ಟುಕೊಂಡು ಭಾರತಕ್ಕೆ ಬಂಡವಾಳ ತಂದವು, ಇಲ್ಲಿನ ಷೇರು ಲಾಭಕ್ಕೆ ತೆರಿಗೆ ಕಟ್ಟಲಿಲ್ಲ. ಕಾಗದದಲ್ಲಿ ಆ ಪುಟ್ಟ ದ್ವೀಪ ವರ್ಷಗಟ್ಟಲೆ ಭಾರತಕ್ಕೆ ಅತಿ ದೊಡ್ಡ ವಿದೇಶಿ ಹೂಡಿಕೆದಾರ! 2016ರಲ್ಲಿ ತಿದ್ದುಪಡಿಯಾಗಿ 2017ರ ಏಪ್ರಿಲ್‌ನಿಂದ ಆ ದಾರಿ ಮುಚ್ಚಿತು. ಅವರಿಗೆ ಇದರಿಂದ ಒಳ್ಳೆಯ ಸಂಬಳದ ಕೆಲಸ ಸಿಕ್ಕವು, ಸರಿ. ಆದರೆ ಬೇರೆ ದೇಶದ ಖಜಾನೆಗೆ ಬರಬೇಕಾದ್ದನ್ನು ತಪ್ಪಿಸಿ ಗಳಿಸಿದ್ದನ್ನು ನಾನು ಮಾದರಿ ಅಂತ ಪಾಠ ಮಾಡೋದಿಲ್ಲ. ಪ್ರವಾಸೋದ್ಯಮದ ಬಗ್ಗೆ ಒಂದೇ ಮಾತು ಸಾಕು: 2019ರಲ್ಲಿ 13 ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಬಂದರು, ಮರುವರ್ಷ ವಿಮಾನ ನಿಂತವು, ಆರ್ಥಿಕತೆ ಸುಮಾರು ಶೇ 15 ಕುಸಿಯಿತು.

ಬಾಗಲಕೋಟೆ, ಬೆಳಗಾವಿಯಿಂದ ನೋಡಿದರೆ

ಜಿಲ್ಲೆ ದೇಶವಲ್ಲ. ಮಾರಿಷಸ್ ತನ್ನ ರೂಪಾಯಿ ಬೆಲೆ ಇಳಿಸಬಲ್ಲದು, ರಫ್ತು ತೆರಿಗೆ ಹಾಕಬಲ್ಲದು, ಬಂಡವಾಳ ಹೊರಹೋಗದಂತೆ ತಡೆಯಬಲ್ಲದು. ಮುಧೋಳದ ರೊಕ್ಕ ಪುಣೆಗೆ, ಬೆಂಗಳೂರಿನ ಸೈಟಿಗೆ ಹೋಗೋದನ್ನು ಯಾವ ಜಿಲ್ಲಾಧಿಕಾರಿಯೂ ತಡೆಯಲಾರರು.

ಆದರೆ ಖಾತ್ರಿ ರೇಟು ನಮಗೂ ಇದೆ. ಅವರಿಗೆ ಯುರೋಪ್ ಒಕ್ಕೂಟದ ಬ್ರಸೆಲ್ಸ್ ಹೇಗೋ ನಮಗೆ ದೆಹಲಿ ಹಾಗೆ. ಕಬ್ಬಿಗೆ ಎಫ್‌ಆರ್‌ಪಿ. ಸಕ್ಕರೆಗೆ ಕಿಲೋಗೆ 31 ರೂಪಾಯಿ ಕನಿಷ್ಠ ಮಾರಾಟ ದರ ಅಂತ 2019ರಲ್ಲಿ ನಿಗದಿಯಾಯಿತು. ಎಥೆನಾಲಿಗೆ ಸರ್ಕಾರಿ ತೈಲ ಕಂಪನಿಗಳ ದರ. ಇದು ಯಾವತ್ತು ಬೇಕಾದರೂ ಬದಲಾಗಬಹುದು ಅನ್ನೋದನ್ನು 2023ರ ಡಿಸೆಂಬರಿನಲ್ಲಿ ನೋಡಿದ್ದೇವೆ, ಕಬ್ಬಿನ ರಸದಿಂದ ಎಥೆನಾಲ್ ಮಾಡೋದಕ್ಕೆ ಹಂಗಾಮಿನ ನಡುವೆಯೇ ಲಗಾಮು ಬಿತ್ತು. ನೆಲದ ಕಡೆಯಿಂದಲೂ ಗಡುವು ಇದೆ. ಘಟಪ್ರಭಾ, ಕೃಷ್ಣಾ ದಂಡೆಯ ಹೊಲಗಳು ಸವಳು-ಜವಳು ಆಗುತ್ತಿರೋದು ಗೊತ್ತಿಲ್ಲದ ರೈತ ಈ ಕಡೆ ಇಲ್ಲ.

ಹೋದ ಹಂಗಾಮಿನಲ್ಲಿ ನನ್ನ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟಿದ್ದೆ. ಮನೆಯ ಕಬ್ಬಿನ ಬಿಲ್ಲು ತಂದು, ಬಂದ ಹಣ ಯಾವುದಕ್ಕೆ ಹೋಯಿತು ಬರೆಯಿರಿ ಅಂತ. ಬಹುತೇಕ ಹಾಳೆಗಳಲ್ಲಿ ಅದೇ ಪಟ್ಟಿ: ಸೊಸೈಟಿ ಸಾಲ, ಗೊಬ್ಬರದ ಅಂಗಡಿ ಬಾಕಿ, ಟ್ರ್ಯಾಕ್ಟರ್ ಕಂತು, ಬೋರ್‌ವೆಲ್, ಅಕ್ಕನ ಮದುವೆ. ಕೆಲವರಲ್ಲಿ ನರ್ಸಿಂಗ್ ಅಥವಾ ಡಿಪ್ಲೊಮಾ ಫೀಸು. ರೈತನ ಮಟ್ಟದಲ್ಲಿ ಉಳಿದು ಹೂಡುವಷ್ಟು ಏನೂ ಇಲ್ಲ, ಹಾಗಾಗಿ ಅವನಿಗೆ ಬುದ್ಧಿ ಹೇಳುವುದು ವ್ಯರ್ಥ. ಉಳಿಯೋದು ಗಿರಣಿಯ ಮಟ್ಟದಲ್ಲಿ. ಅಲ್ಲಿ ಅದು ಹೋಗೋದು ಇನ್ನೊಂದು ಗಿರಣಿಗೆ, ಡಿಸ್ಟಿಲರಿಗೆ, ಎಂಜಿನಿಯರಿಂಗ್ ಕಾಲೇಜಿಗೆ, ಮತ್ತೆ ಎಲ್ಲರಿಗೂ ಗೊತ್ತಿರುವ ಹಾಗೆ, ಚುನಾವಣೆಗೆ.

ರಬಕವಿ-ಬನಹಟ್ಟಿಯ ಮಗ್ಗಗಳ ಸದ್ದು ಕೇಳುವಷ್ಟು ಹತ್ತಿರದಲ್ಲೇ ಕಬ್ಬಿನ ಹೊಲಗಳಿವೆ. ಮಾರಿಷಸ್‌ನಲ್ಲಿ ಕಬ್ಬಿನ ಮಾಲೀಕನೇ ಸ್ವೆಟರ್ ಫ್ಯಾಕ್ಟರಿ ಹಾಕಿದ. ಇಲ್ಲಿ ನೇಕಾರ ಸೀರೆಗೆ ನೂಲಿನ ಸಾಲಕ್ಕಾಗಿ ಓಡಾಡುತ್ತಾನೆ, ಗಿರಣಿಯ ರೊಕ್ಕ ಅವನ ಓಣಿಗೆ ಬಂದಿಲ್ಲ. ಕಾರಣ ಸರಳ. ಸರ್ಕಾರದ ದರಗಳ ಬೆಂಬಲ ಇರುವಾಗ ಇನ್ನೊಂದು ಸಕ್ಕರೆ ಗಿರಣಿಯಷ್ಟು ಭದ್ರವಾದ ಹೂಡಿಕೆ ಇನ್ನೊಂದಿಲ್ಲ. ಅಲ್ಲಿ ಹೊಸ ಕಬ್ಬಿಗೆ ನೆಲವೇ ಇರಲಿಲ್ಲ, ನಮ್ಮಲ್ಲಿ ಕಾಲುವೆ ಹೋದಲ್ಲೆಲ್ಲ ಹೊಸ ಕಬ್ಬು.

ಮಾಡಬಹುದಾದ ಒಂದು ಕೆಲಸ ಮಾತ್ರ ನಮ್ಮ ಕೈಯಲ್ಲೇ ಇದೆ. 2012ರಲ್ಲಿ ಸಕ್ಕರೆ ಉದ್ಯಮದ ಬಗ್ಗೆ ಕೇಂದ್ರ ಕೂಡಿಸಿದ್ದ ರಂಗರಾಜನ್ ಸಮಿತಿ ಹೇಳಿತ್ತು: ಸಕ್ಕರೆ ಮತ್ತು ಉಪ ಉತ್ಪನ್ನ ಸೇರಿದ ಆದಾಯದಲ್ಲಿ ಶೇ 70, ಇಲ್ಲವೇ ಬರೀ ಸಕ್ಕರೆಯ ಆದಾಯದಲ್ಲಿ ಶೇ 75 ರೈತನಿಗೆ ಸಿಗಬೇಕು ಅಂತ. ಬೆಳಗಾವಿ, ಬಾಗಲಕೋಟೆಯ ಸಹಕಾರಿ ಗಿರಣಿಗಳಲ್ಲಿ ರೈತರೇ ಷೇರುದಾರರು. ವಾರ್ಷಿಕ ಸಭೆಯಲ್ಲಿ ಕರೆಂಟು, ಕಾಕಂಬಿ, ಎಥೆನಾಲ್ ಮೂರರ ಆದಾಯವನ್ನು ಬೇರೆ ಬೇರೆ ಓದಿಸಿ ಅಂತ ಕೇಳಲು ಯಾವ ಹೊಸ ಕಾನೂನೂ ಬೇಕಾಗಿಲ್ಲ. ಈ ಸಲದ ಬ್ಯಾಚಿನಲ್ಲಿ ಇಬ್ಬರ ಅಪ್ಪಂದಿರು ಅಂಥ ಗಿರಣಿಯ ಸದಸ್ಯರು. ಮುಂದಿನ ಸಭೆಯ ನೋಟಿಸ್ ಬಂದಾಗ ಅದರ ಜೊತೆಗಿನ ಲೆಕ್ಕಪತ್ರವನ್ನು ಕ್ಲಾಸಿಗೆ ತರಲು ಹೇಳಿದ್ದೇನೆ.